ಶುಕ್ರವಾರ ಒಂದೂವರೆಯ ನಕ್ಷೆ

"ನಮ್ಮ ಓಣಿ ಸತ್ತುಹೋಗಿದೆ ಅಂತ ಬರೆದವರು ನೀವೇನಾ?"

ನಕ್ಷೆ ಬರೆಯುವ ಹುಡುಗಿ ತಲೆಯೆತ್ತಿದಳು. ಎದುರಿಗೆ ಹಾಸಿಗೆ ಹೊಲಿಯುವವನು. ತಲೆ, ಗಡ್ಡ, ರೆಪ್ಪೆಯ ಮೇಲೆಲ್ಲ ಹತ್ತಿ! ನಗರಸಭೆ ಕಚೇರಿಯ ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ ಅವನ ಓಣಿಗೆ ಬೂದು ಬಣ್ಣ ಬಿದ್ದಿತ್ತು. ಬೂದು ಅಂದರೆ ವ್ಯಾಪಾರ ನಿಂತ ಜಾಗ, ಅಂಗಡಿಗಳನ್ನು ಕೆಡವಬಹುದು.

"ಯಾವತ್ತು ಬಂದು ನೋಡಿದ್ರಿ?"

"ಶುಕ್ರವಾರ... ಒಂದೂವರೆಗೆ."

ಅವನು ನಕ್ಕುಬಿಟ್ಟ. "ಆಗ ಎಲ್ಲ ನಮಾಜಿಗೆ ಹೋಗಿರ್ತೀವಲ್ಲ ಮೇಡಂ! ಪಾಪ, ನಿಮಗೆ ಗೊತ್ತಿರಲಿಲ್ಲ."

ಪಾಪ! ಅವಳ ಕಿವಿ ಬಿಸಿಯಾಯಿತು.

ಗೊತ್ತಿತ್ತು. ಅವಳ ಅಪ್ಪನೂ ಅದೇ ಹೊತ್ತಿಗೆ ಅಂಗಡಿ ಮುಚ್ಚಿ ನಮಾಜಿಗೆ ಹೋಗುವವರೇ. ಅಂದು ಓಣಿ ನೋಡುವಾಗ ಕಚೇರಿಯ ಸಾಹೇಬರು ಜೊತೆಗಿದ್ದರು. ಬಾಯಿಬಿಟ್ಟರೆ 'ನಿಮ್ಮವರ ಪರ ಮಾತಾಡ್ತೀಯಾ' ಅಂದಾರೆಂದು ಹೆದರಿ, ಸುಮ್ಮನೆ ಬೂದು ಬಳಿದಿದ್ದಳು...

ಓಣಿಯ ಅಂಗಡಿಗಳನ್ನು ಮತ್ತೆ ಎಣಿಸಲು ಹೊರಟಳು. ನಾಲ್ಕು ವಾರ ಅವನೇ ಓಣಿ ಸುತ್ತಿಸಿದ. ತನ್ನ ಮನೆಯ ವಿಷಯ ಮಾತ್ರ ಅವಳು ಹೇಳಲಿಲ್ಲ. ನಮಾಜು ಬಿಟ್ಟ ಮೇಲೆ ಕಾಲಿಡಲು ಜಾಗವಿಲ್ಲದ ಗದ್ದಲ, ಹಿಂಬಾಗಿಲಲ್ಲಿ ಹೆಂಗಸರು ನಡೆಸುವ ಹೊಲಿಗೆ, ಮಹಡಿಯಿಂದ ಮಹಡಿಗೆ ಅವರು ಓಡಾಡುವ ಅವರದೇ ದಾರಿ. ಬೀದಿ ಎಲ್ಲಿದೆ ಎಂದು ತಿಳಿದರೆ ಸಾಲದು, ಯಾವ ಹೊತ್ತಿಗೆ ಅಲ್ಲಿ ಯಾರಿರುತ್ತಾರೆ ಎಂದೂ ತಿಳಿಯಬೇಕು. ಕಾಲೇಜಿನಲ್ಲಿ ಓದಿದ ಭೂಗೋಳ ಈಗ ಅವಳ ತಲೆಗೆ ಹತ್ತಿತು.

ಅವನ ತಾಯಿ ದಿನವೂ ಗದರುತ್ತಿದ್ದಳು. "ಹಾಸಿಗೆ ಅಂಗಡಿಗೆ ಬಂದು ಕಲ್ಲಿನ ಮೇಲೆ ಕೂರ್ತೀಯಲ್ಲೇ ಮಗಳೇ! ನಮ್ಮ ಮಾನ ಕಳೀಬೇಕಂತಿದ್ದೀಯಾ?"

ಅವನ ನೋಟ ಮೆತ್ತಗಾಗುತ್ತಿತ್ತು. ಅವಳದೂ... ಮೆತ್ತಗಾದಷ್ಟೂ ಅವಳಿಗೆ ನಾಚಿಕೆ ಚುಚ್ಚುತ್ತಿತ್ತು. 'ಏನೂ ಅರಿಯದವಳು ಅಂತ ತಾನೇ ಇವನು ನನ್ನ ಮೆಚ್ಚಿದ್ದು?'

ಐದನೇ ಶುಕ್ರವಾರ ಅವನ ಅಂಗಡಿಯ ಮುಂದೆ ಬಂದು ನಿಂತಳು.

"ಬೂದು ತೆಗೆಸಿದೆ. ತಪ್ಪು ನನ್ನದೇ ಅಂತ ಸಾಹೇಬರಿಗೆ ಬರೆದುಕೊಟ್ಟೆ."

"ಗೊತ್ತಿಲ್ಲದೆ ಆಗಿದ್ದಕ್ಕೆ ಇಷ್ಟೆಲ್ಲಾ ಯಾಕೆ?"

"ಗೊತ್ತಿತ್ತು! ನಮ್ಮ ಮನೇಲೂ ಅದೇ ನಮಾಜು, ಅದೇ ಹೊತ್ತು. ಹೆದರಿ ಸುಮ್ಮನಿದ್ದೆ."

ದಬ್ಬಣ ಹಿಡಿದ ಅವನ ಕೈ ನಿಂತಿತು. ಅದನ್ನು ಹಾಸಿಗೆಗೆ ಚುಚ್ಚಿಟ್ಟು, ಅವಳತ್ತ ನೋಡದೆ ಹತ್ತಿ ಒಟ್ಟತೊಡಗಿದ. ಅವಳು ತಿರುಗಿ ಎರಡು ಹೆಜ್ಜೆ ಇಟ್ಟಳು.

"ನಿಲ್ಲಿ. ನನಗೆ ಸಿಟ್ಟು ಬಂದಿದೆ. ಚೆನ್ನಾಗಿ ಬೈಬೇಕು ಅನ್ನಿಸ್ತಿದೆ."

"ಬೈಯಿರಿ..."

"ಬೈಯೋಕೂ ಒಂದು ಹಕ್ಕು ಬೇಕಲ್ಲ?"

ಅವಳ ಕಣ್ಣು ತುಂಬಿತು. ಆದರೂ ತಲೆ ತಗ್ಗಿಸಲಿಲ್ಲ.

"ಹಾಗಾದ್ರೆ ನಿಮ್ಮ ಅಮ್ಮನ್ನ ನಮ್ಮ ಮನೆಗೆ ಕಳಿಸಿ. ಹಕ್ಕು ಕೇಳ್ಕೊಂಡು ಬರ್ಲಿ."

"ನಿಮ್ಮ ಮನೇಲಿ ಕೊಡ್ತಾರಾ?"

"ನಾನು ಕೊಟ್ಟಾಯ್ತು."