ನೂರಿಪ್ಪತ್ತು ಸುತ್ತು

ನನ್ನ ಉಗುರುಗಳ ವಿಷಯವನ್ನು ಮೊದಲೇ ಸ್ಪಷ್ಟಪಡಿಸುವುದು ಅತ್ಯಗತ್ಯ: ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನ್ನು ನೀಟಾಗಿ ಕತ್ತರಿಸಿಕೊಂಡಿದ್ದೆ.

ಗಡಿಯಾರ ರಿಪೇರಿ ನನ್ನ ಕಸುಬು. ಇನ್ನೂರು ವರ್ಷ ಹಳೆಯದಾದ, ಗ್ರಹಮಂಡಲದ ಹಿತ್ತಾಳೆ ಮಾದರಿಯೊಂದು ಅಂಗಡಿಗೆ ಬಂದಿತ್ತು. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಭೂಮಿಯ ಗುಂಡು ಒಂದು ದಿನದಷ್ಟು ಸರಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿಡುವುದು ನಮ್ಮ ಪದ್ಧತಿ.

ಐದು ತಿಂಗಳ ಬಸುರಿ ಅತ್ತಿಗೆ ಚಹಾ ತಂದಿಟ್ಟು, ಎದುರಿನ ಸ್ಟೂಲಿನಲ್ಲಿ ಕೂತರು.

"ಮನೆಕೆಲಸಕ್ಕೂ ಹೀಗೇ ಕೈ ಹಾಕಿದ್ರೆ ನಿಮಗೆ ಯಾವಾಗ್ಲೋ ಮದುವೆ ಆಗ್ತಿತ್ತು, ಮೈದುನರೇ!"

ನಗುತ್ತಲೇ ಹಿಡಿಕೆ ತಿರುಗಿಸಿದೆ. ನೂರಿಪ್ಪತ್ತಕ್ಕೆ ನಿಲ್ಲಿಸಿದಾಗ ಹಿಡಿಕೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಚಹಾ ಇನ್ನೂ ಹಬೆಯಾಡುತ್ತಿತ್ತು. ನನ್ನ ಉಗುರುಗಳು ಮಾತ್ರ ಅರ್ಧ ಇಂಚು ಬೆಳೆದು ಬಾಗಿದ್ದವು.

ಹಿಂದಕ್ಕೆ ತಿರುಗಿಸಹೊರಟೆ. ಅತ್ತಿಗೆ ಎರಡೂ ಕೈಯಿಂದ ಹಿಡಿಕೆಯನ್ನು ಅದುಮಿ ಹಿಡಿದರು. ಅವರ ಹೊಟ್ಟೆ ದೊಡ್ಡದಾಗಿ ಬೆಳೆದು ಮೇಜಿಗೆ ಒತ್ತಿಕೊಂಡಿತ್ತು.

"ಮುಟ್ಟಬೇಡಿ ಅದನ್ನ! ಹಿಂದಕ್ಕೆ ಹೋದ್ರೆ ಮಗು ಏನಾಗುತ್ತೋ! ನಿಮ್ಮಣ್ಣನ್ನ ಕರೀರಿ, ನೋವು ಶುರುವಾಗಿದೆ!"

ಸಂಜೆ ಐದಕ್ಕೆ ಹೆರಿಗೆಯಾಯಿತು. ಹೆಣ್ಣು ಮಗು, ತಿಂಗಳು ತುಂಬಿದೆ, ತೂಕ ಮೂರು ಕಿಲೋ.