ಸ್ಪರ್ಶಪಾದುಕೆಯ ಹಕ್ಕು

ಮೊಳೆ ತುಳಿದದ್ದು ಅಂಗಾಲು, ಚುಚ್ಚಿದಂತಾದದ್ದು ತೊಡೆಗೆ. ಇಮಾಮಸಾಬರು ಥಟ್ಟನೆ ಕಾಲೆತ್ತಿದರು. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳು ಜಡವಾಗಿ ಎಷ್ಟೋ ವರ್ಷಗಳಾಗಿದ್ದವು.

"ಗೊತ್ತಾತ್ರೀ ಡಾಕ್ಟರ! ಆದ್ರ ತೊಡಿಗ್ಯಾಕ ಚುಚ್ಚಿತು?"

"ಪಾದದ ನರ ಸತ್ತಾವ, ತೊಡಿಯವು ಬದುಕ್ಯಾವ. ಚಪ್ಪಲಿ ಸುದ್ದೀನ ಅಲ್ಲಿಗೆ ಮುಟ್ಟಸ್ತೈತಿ," ಎಂದರು ಹುಬ್ಬಳ್ಳಿಯ ನರವಿಜ್ಞಾನಿ ವಿನೋದಿನಿ ಹಂಚಿನಮನಿ.

ವಿನೋದಿನಿ ರೂಪಿಸಿದ ಆ ಸ್ಪರ್ಶಪಾದುಕೆಯ ಅಟ್ಟೆಯಲ್ಲಿ ಕೃತಕ ನರತಂತುಗಳಿದ್ದವು. ಒತ್ತಡವನ್ನೂ ಶಾಖವನ್ನೂ ಅರಿತು ಅವು ತೊಡೆಗೆ ಕಟ್ಟಿದ ಪಟ್ಟಿಗೆ ಮಿಡಿತ ಕಳಿಸುತ್ತಿದ್ದವು. ಆದರೆ ಪೇಟೆಂಟ್ ಇಲ್ಲದೆ ಯಾವ ಕಂಪನಿಯೂ ಅದನ್ನು ತಯಾರಿಸಲು ಒಪ್ಪಲಿಲ್ಲ. ಬೆಂಗಳೂರು, ದೆಹಲಿಯ ವಕೀಲರು ಅದನ್ನು ವೈದ್ಯಕೀಯ ಉಪಕರಣವೆಂದು ವರ್ಣಿಸಿ ಅರ್ಜಿ ಹಾಕಿದರು. ಇಂಥ ಸಂವೇದಕಗಳು ಹಳೆಯವೆಂದು ಎರಡು ಸಲವೂ ಅರ್ಜಿ ತಿರಸ್ಕೃತವಾಯಿತು. ಅಷ್ಟರಲ್ಲಿ ಕಾದಿದ್ದ ರೋಗಿಗಳಲ್ಲಿ ಹಲವರು ಪಾದ ಕಳೆದುಕೊಂಡರು.

ಪಾದರಕ್ಷೆಗಳ ಪೇಟೆಂಟ್‌ಗಳನ್ನೇ ನೋಡಿಕೊಳ್ಳುವ ವಕೀಲರಿಗಾಗಿ ವಿನೋದಿನಿ ಹುಡುಕದ ಊರಿಲ್ಲ. ಕೊನೆಗೆ ಬೆಳಗಾವಿಯಲ್ಲಿ ಗುರುಪಾದ ಅಂಕಲಗಿ ಸಿಕ್ಕರು. ಚರ್ಮ ತಂತ್ರಜ್ಞಾನ ಓದಿ ಆಮೇಲೆ ವಕೀಲರಾದವರು. ಅವರು ಚಪ್ಪಲಿಯನ್ನು ಮಡಿಚಿ, ಹಿಂಡಿ, ಕೊಯ್ದು ನೋಡಿದರು.

"ಹೊಸತನ ಇರೋದು ಸಂವೇದಕದಾಗಲ್ರೀ ಮೇಡಂ. ಅಟ್ಟೆ ಇಷ್ಟು ಬಾಗಿದ್ರೂ ತಂತು ಹರಿಯೂದಿಲ್ಲ ನೋಡ್ರಿ, ಅದರಾಗ ಐತಿ. ಮಿಡಿತ ತಿರುವುಮುರುವು ಮಾಡಿದ್ರ ಏನಾಗತೈತಿ?"

"ಇದ್ದ ನೋವೂ ತಿಳಿಯೂದಿಲ್ಲ."

"ಅರ್ಜ್ಯಾಗ ಅದನ್ನೂ ಬರೀತೀನಿ. ಇಲ್ಲಾಂದ್ರ ಯಾರರ ಆ ಸಂದಿಯಿಂದ ನುಗ್ಗತಾರ."

ಪೇಟೆಂಟ್ ಸಿಕ್ಕಿತು. ಕಂಪನಿಯೊಂದು ಇಡೀ ಪೇಟೆಂಟ್‌ನ ಪರವಾನಗಿ ಪಡೆಯಿತು. ಸ್ಪರ್ಶಪಾದುಕೆಯನ್ನು ಅದು ಮಾಡಿದ್ದು ಕೆಲವೇ ಸಾವಿರ ಜೊತೆ. ಲಕ್ಷಗಟ್ಟಲೆ ಮಾರಿದ್ದು ನೋವು ತಿಳಿಯಗೊಡದ, ತಿರುವಿದ ಮಿಡಿತದ ಚಪ್ಪಲಿಯನ್ನು. ಗೋದಾಮು, ಗಾರ್ಮೆಂಟ್ಸ್‌ಗಳ ಮಾಲೀಕರು ಅವನ್ನು ಕೊಂಡು ಕೆಲಸಗಾರರಿಗೆ ತೊಡಿಸಿದರು. ಕುರ್ಚಿ ತೆಗೆಸಿ ಪಾಳಿ ಉದ್ದ ಮಾಡಿದರು. ವಿನೋದಿನಿಯ ಆಸ್ಪತ್ರೆಗೆ ಎಳೆಯ ಪ್ರಾಯದವರು ಬರತೊಡಗಿದರು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಪಾದಗಳಲ್ಲಿ ಕೊಳೆತ ಹುಣ್ಣುಗಳಿದ್ದವು.

ವಿನೋದಿನಿ ಅಂಕಲಗಿಯವರಿಗೆ ಫೋನ್ ಮಾಡಿದರು. "ಪೇಟೆಂಟ್ ಬಿಟ್ಟುಕೊಡ್ತೀನ್ರಿ. ರದ್ದು ಮಾಡ್ರಿ."

"ಮಾಡಬಹುದ್ರಿ. ಆದ್ರ ಆ ಚಪ್ಪಲಿ ಈಗ ಒಬ್ಬನ ಮಾಡಾಕತ್ಯಾನ. ರದ್ದಾದ ಮ್ಯಾಲೆ ಯಾರು ಬೇಕಾದ್ರೂ ಮಾಡತಾರ."

ಮರುದಿನ ಗೋದಾಮಿನ ಕೆಲಸದ ನೀಲವ್ವ ಬಂದಳು. ಹಿಮ್ಮಡಿಯ ಮೂಳೆ ಕಾಣುತ್ತಿತ್ತು. ವಿನೋದಿನಿ ಅವಳ ಚಪ್ಪಲಿಗಳನ್ನು ತೆಗೆದು ಕಸದ ಡಬ್ಬಿಯತ್ತ ನಡೆದರು.

"ಒಗೀಬ್ಯಾಡ್ರಿ ಅಕ್ಕಾರ," ನೀಲವ್ವ ಮಂಚದಿಂದಲೇ ಕೈ ಚಾಚಿದಳು. "ಅವಿಲ್ಲಾಂದ್ರ ನನಗ ನಿಂದ್ರಾಕ ಆಗೂದಿಲ್ಲ. ನಿಂದ್ರದಿದ್ರ ನಾಳೆ ಗೋದಾಮಿನೊಳಗ ಬಿಡೂದಿಲ್ಲ."