ಹೊಸ್ತಿಲ ನೀರು

ಹಿಮ ಬಿದ್ದು ನಿಂತ ಕೂಡಲೇ ಪೇಟೆಯ ನೆಲ ಕಿವಿಗೊಟ್ಟಿತು. ಆಮೇಲೆ ಗುನುಗಿತು. ಅಂಗಡಿಗಳ ಮೆಟ್ಟಿಲು, ವಾಹನ ನಿಲ್ಲಿಸುವ ಅಂಗಳ, ಬ್ಯಾಂಕಿನ ಮುಂದಿನ ಇಳಿಜಾರು, ಎಲ್ಲೆಡೆ ಕಚ್ಚಿ ಕೂತಿದ್ದ ಮಂಜುಗಡ್ಡೆ ಹಿಡಿತ ಬಿಟ್ಟು, ಅಕ್ಕಿಹಿಟ್ಟಿನಂತೆ ಉದುರಿ ಚರಂಡಿಯತ್ತ ಜಾರಿತು. ಉಪ್ಪಿಲ್ಲ, ಬೆಂಕಿಯಿಲ್ಲ, ಬೆನ್ನು ಬಗ್ಗಿಸುವವರೂ ಇಲ್ಲ.

ಹಿಮಾಲಯದ ಲಾಹೌಲ್ ಕಣಿವೆಯ ಆ ಪೇಟೆಗೆ ಈ ನೆಲ ಹಾಸಿದವಳು ಕುಂದಾಪುರದ ಕಡೆಯ ವಿಜ್ಞಾನಿ ವಾರಿಜಾ. ತಂತಿಗೊಂದು ಶ್ರುತಿ ಇರುವಂತೆ ಗಟ್ಟಿಯಾದ ಪ್ರತಿಯೊಂದಕ್ಕೂ ತನ್ನದೇ ಕಂಪನವಿದೆ. ಅದೇ ಕಂಪನವನ್ನು ಹೊರಗಿನಿಂದ ಕೊಟ್ಟರೆ ಅದು ತಾನಾಗಿ ನಡುಗುತ್ತದೆ. ಇದಕ್ಕೆ ಅನುರಣನ ಎಂದು ಹೆಸರು. ಅವಳ ಹಾಸುಗಲ್ಲುಗಳೊಳಗಿನ ಹರಳುಗಳು ತಮ್ಮ ಮೇಲೆ ಕೂತ ಮಂಜಿನ ಶ್ರುತಿಯನ್ನು ಕೇಳಿ, ಅದನ್ನೇ ತಿರುಗಿ ನುಡಿಯುತ್ತಿದ್ದವು. ಮನುಷ್ಯರ ಕಿವಿಗೆ ನಿಲುಕದ ಸ್ವರದಲ್ಲಿ. ಮೂರನೆಯ ಚಳಿಗಾಲ ಬರುವಷ್ಟರಲ್ಲಿ ಪೇಟೆಯವರು ತಮ್ಮ ಸಲಿಕೆಗಳನ್ನೆಲ್ಲ ಗುಜರಿಗೆ ಹಾಕಿದ್ದರು.

ಪೇಟೆಯ ಕೊನೆಯಲ್ಲಿ, ಗುಡ್ಡದ ಬಂಡೆಯನ್ನೇ ಕಡಿದು ಕಟ್ಟಿದ ಜಾಗದಲ್ಲಿ, ಕುಂದಾಪುರದ ಕಡೆಯಿಂದಲೇ ಬಂದು ನೆಲೆಸಿದ ಕುಸುಮಕ್ಕ ಮತ್ತು ಅವರ ಗಂಡ ಮಹಾಬಲಣ್ಣನ ಹೋಟೆಲು. ವಾರಿಜಾಳ ಬೆಳಗಿನ ದೋಸೆ ಅಲ್ಲಿಯೇ. ಮೋಡವಿಲ್ಲದ ಒಂದು ಬೆಳಿಗ್ಗೆ ಅವಳು ಮೆಟ್ಟಿಲು ಹತ್ತುವಾಗ ಕುಸುಮಕ್ಕ ಹೊಸ್ತಿಲೆದುರು ರಂಗೋಲಿ ಬಟ್ಟಲು ಹಿಡಿದು ಕೂತಿದ್ದರು.

"ಬನ್ನಿ ಡಾಕ್ಟ್ರೇ. ನಿಮ್ಮ ನೆಲದ ಮೇಲೊಂದು ದೂರು ಉಂಟು. ನಾನು ನವಿಲು ಬರೆದ್ರೆ ಇದು ಕೋಳಿ ಮಾಡ್ತದೆ."

"ನೀನು ಬರೆದದ್ದೇ ಕೋಳಿ ಮಾರಾಯ್ತಿ, ನೆಲಕ್ಕೆ ಯಾಕೆ ಬೈತಿ?" ಎಂದು ಒಳಗಿನಿಂದ ಮಹಾಬಲಣ್ಣ ಕೂಗಿದರು. ಸೌದೆ ತರಲು ಹಿತ್ತಲಿಗೆ ಹೋಗುತ್ತ, ಎಂದಿನಂತೆ ಯಕ್ಷಗಾನದ ಪದವೊಂದನ್ನು ಎತ್ತಿಕೊಂಡರು.

ವಾರಿಜಾ ನಗುತ್ತ ಬಗ್ಗಿ ನೋಡಿದಳು. ಬಿಳಿಯ ಪುಡಿ ಗೆರೆಗಳನ್ನು ಬಿಟ್ಟು ಅಲೆ ಅಲೆಯಾಗಿ ಸರಿಯುತ್ತಿತ್ತು. ನಗು ಅಲ್ಲಿಗೇ ನಿಂತಿತು. ಹಿಮ ಬೀಳದೆ ವಾರವಾಗಿದೆ. ಪೇಟೆಯ ಉಳಿದ ನೆಲವೆಲ್ಲ ಮೌನವಾಗಿದೆ.

"ಕುಸುಮಕ್ಕ, ಇದು ಯಾಕೆ ಗುನುಗ್ತಾ ಉಂಟು?"

"ನೀರು ಹಾಕ್ಲಿಲ್ವಾ ನಾನು? ಹೊಸ್ತಿಲಿಗೆ ನೀರು ಹಾಕದೆ ಬಾಗಿಲು ತೆಗೀಲಿಕ್ಕೆ ಆಗ್ತದಾ? ಹಾಕಿದ ಕೂಡ್ಲೇ ಗಡ್ಡೆ ಕಟ್ತದೆ, ನಿಮ್ಮ ನೆಲ ಉದುರಿಸ್ತದೆ. ಚಳಿಗಾಲ ಪೂರ್ತಿ ಇದೇ ಕತೆ."

ವಾರಿಜಾ ತಲೆಯೆತ್ತಿದಳು. ಹೋಟೆಲಿನ ಮೇಲೆ, ಅದೇ ಬಂಡೆಯ ಬೆನ್ನಿನ ಮೇಲೆ, ಚಳಿಗಾಲದ ಹಿಮವೆಲ್ಲ ರಾಶಿಯಾಗಿ ಒರಗಿತ್ತು. ಹೊಸ್ತಿಲಲ್ಲಿ ಹುಟ್ಟಿದ ಕಂಪನ ದಿನವೂ ಬಂಡೆಯೊಳಗಿಂದ ಏರಿ ಅದರ ಬುಡವನ್ನು ಸಡಿಲಿಸುತ್ತ ಬಂದಿದೆ.

"ಮಹಾಬಲಣ್ಣ! ಒಳಗೆ ಬನ್ನಿ!"

ಉತ್ತರವಾಗಿ ಬಂದದ್ದು ಪದದ ಮುಂದಿನ ಸಾಲು. ಆಮೇಲೆ ದಪ್ಪ ಬಟ್ಟೆ ಹರಿದಂಥ ಸದ್ದು. ಹಿತ್ತಲು ಬೆಳ್ಳಗಾಯಿತು.

ಎದುರಿನ ಕಂಬಳಿ ಅಂಗಡಿಯ ಅಂಗ್ರುಪ್ ಸಲಿಕೆಗಾಗಿ ಅಂಗಡಿಯಿಂದ ಅಂಗಡಿಗೆ ಓಡಿದ. ಬರಿಗೈಯಲ್ಲಿ ಮರಳಿದ. ಜನ ತಟ್ಟೆ, ಕಾವಲಿ, ದೋಸೆ ಮಗುಚುವ ಸಟ್ಟುಗ, ಸಿಕ್ಕಿದ್ದನ್ನು ಹಿಡಿದು ಬಂದರು. ಜಾರಿ ಬಿದ್ದ ಹಿಮ ಕ್ಷಣದಲ್ಲಿ ಕಲ್ಲಾಗುತ್ತದೆ; ತಟ್ಟೆಗಳು ಬಾಗಿದವು.

"ನಿಮ್ಮ ನೆಲಕ್ಕೆ ಹೇಳಿ ಡಾಕ್ಟ್ರೇ, ಉದುರಿಸ್ಲಿ! ಕಾಲಿಗೆ ಬೀಳ್ತೇನೆ!" ಎಂದು ಕುಸುಮಕ್ಕ ಗೋಗರೆದರು.

"ಆಗುದಿಲ್ಲ ಅಕ್ಕ. ಅರ್ಧ ಹಿಮ ಇನ್ನೂ ಮೇಲೆ ಉಂಟು. ಗುನುಗಿದ್ರೆ ಅದೂ ಬರ್ತದೆ."

ಅವಳು ನೆಲ ಕೇಳಿದ್ದನ್ನು ತನಗೆ ಕೇಳಿಸುವ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು, ಫೋನಿನಿಂದ ಇಡೀ ಪೇಟೆಯ ನೆಲಕ್ಕೆ ಮೌನದ ಆಜ್ಞೆ ಕೊಟ್ಟಳು. ನುಡಿಯಬೇಡ, ಕೇಳು. ಎಲ್ಲರೂ ಕೈ ತಡೆದು ಉಸಿರು ಬಿಗಿಹಿಡಿದರು. ಕಿವಿಯ ಯಂತ್ರದಲ್ಲಿ, ಬಾವಿಯ ತಳದಿಂದ ಬಂದಂತೆ, ಪದ ಕೇಳಿಸಿತು. ತಾಳ ತಪ್ಪಿತ್ತು, ಆದರೆ ಪದ ಇತ್ತು.

"ಇಲ್ಲಿ! ಸೌದೆ ಗೂಡಿನ ಪಕ್ಕ!"

ಅಗೆದರು. ನಿಲ್ಲಿಸಿ ಕೇಳಿದರು. ಮತ್ತೆ ಅಗೆದರು. ಸಾಲುಗಳು ಗಿಡ್ಡವಾಗುತ್ತ ಬಂದವು. ಆಮೇಲೆ ಒಂದೊಂದೇ ಮಾತು. ಅಂಗ್ರುಪ್‌ನ ಉಗುರುಗಳಿಂದ ರಕ್ತ ಇಳಿದು ಹಿಮ ಕೆಂಪಾಯಿತು.

"ಕೇಳ್ತದಾ?" ಕುಸುಮಕ್ಕ ತಲೆಯೆತ್ತದೆ ಕೇಳಿದರು.

ಯಂತ್ರದಲ್ಲಿ ಯಾವ ಸದ್ದೂ ಉಳಿದಿರಲಿಲ್ಲ.

"ಕೇಳ್ತದೆ ಅಕ್ಕ, ಅಗೆಯಿರಿ," ಎಂದ ವಾರಿಜಾ ಯಂತ್ರವನ್ನು ಕಿವಿಯಿಂದ ಕಿತ್ತು, ಎರಡೂ ಕೈಗಳಿಂದ ಹಿಮ ಗೋರತೊಡಗಿದಳು. ಮಹಾಬಲಣ್ಣನ ದೇಹ ಸಿಕ್ಕಿದಾಗ ಬಿಸಿಲು ಗುಡ್ಡದ ಆಚೆ ಇಳಿದಿತ್ತು.

ದಿನಗಳು ಕಳೆದ ಮೇಲೆ, ಬೀಗ ಹಾಕಿದ ಹೋಟೆಲಿನ ಮೆಟ್ಟಿಲಲ್ಲಿ ಇಬ್ಬರೂ ಕೂತಿದ್ದರು.

"ನೀರು ಹಾಕ್ಬೇಡಿ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ," ಎಂದರು ಕುಸುಮಕ್ಕ. ಸಿಟ್ಟಿರಲಿಲ್ಲ.

"ಅಂಗ್ರುಪ್ ಹಾಕಿದ್ರೆ ಎಂತ ಇದು ಅಂತ ಕೇಳ್ತಿದ್ದೆ. ನೀವು ಹಾಕಿದ್ರಿ. ಊರಲ್ಲಿ ನಮ್ಮ ಅಮ್ಮನೂ ಹಾಕ್ತಿದ್ರು. ನನಗೆ ಕಾಣ್ಲೇ ಇಲ್ಲ ಅಕ್ಕ."

ಕುಸುಮಕ್ಕ ಒಣ ಹೊಸ್ತಿಲನ್ನು ಅಂಗೈಯಿಂದ ಸವರಿದರು. ಎದುರಿನ ಅಂಗಡಿಗಳ ಬಾಗಿಲಲ್ಲಿ ಹೊಸ ಸಲಿಕೆಗಳು ಒರಗಿದ್ದವು.

ಅಂಥ ನೆಲ ಇನ್ನೂ ಬಂದಿಲ್ಲ. ಆದರೆ ಫೋನು, ಸ್ಪೀಕರುಗಳಂಥ ಕೇಳಿಸಿಕೊಳ್ಳುವ ವಸ್ತುಗಳು ಈಗಾಗಲೇ ನಮ್ಮ ಹೊಸ್ತಿಲು ದಾಟಿವೆ. ಬೆಳಿಗ್ಗೆ ಎದ್ದು ನಾವು ಕಣ್ಣಿಟ್ಟು ನೋಡದೆ ಮಾಡುವ ನೂರು ಕೆಲಸಗಳಿಗೆ ಅವು ಓಗೊಡುತ್ತಲೇ ಇವೆ. ಆ ದನಿ ಯಾವ ಗುಡ್ಡದ ಬುಡ ಮುಟ್ಟುತ್ತಿದೆಯೋ, ನಾವಿನ್ನೂ ತಲೆಯೆತ್ತಿ ನೋಡಿಲ್ಲ.